ಹೆಸರಿನ ಮುಂದೆ, ಹೆಸರಿನ ಹಿಂದೆ

ಸಂಜೆಯ ತಿರುಗಾಟದಲ್ಲಿ ಮನೆಗಳ ಬಾಗಿಲಲ್ಲಿಯೂ ಕಚೇರಿಗಳ ಮುಂಭಾಗದಲ್ಲಿಯೂ ಕಾಣಬರುವ ನಾಮಫಲಕಗಳನ್ನು ಒಂದೊಂದಾಗಿ ಓದುತ್ತ ಸಾಗುವುದು ಬಹುಕಾಲದಿಂದ ನನಗೆ ಒಲಿದು ಬಂದಿರುವ ವಿನೋದ. ಪೇಟೆಯ ದೊಡ್ಡ ಜಾಹೀರಾತುಗಳಲ್ಲಿ ದೊರೆಯದ ಸ್ವಾರಸ್ಯ ಈ ಸಣ್ಣ ಹಲಗೆಗಳಲ್ಲಿ ಉಂಟು. ಮೈಸೂರಿನ ಲಕ್ಷ್ಮೀಪುರಂ, ಚಾಮರಾಜಪುರಂಗಳಲ್ಲಾಗಲಿ, ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲಾಗಲಿ, ಧಾರವಾಡದ ಮಾಳಮಡ್ಡಿಯಲ್ಲಾಗಲಿ, ಕಾಲವು ಉಳಿಸಿಕೊಟ್ಟಿರುವ ಹಳೆಯ ಮನೆಯೊಂದರ ಮುಂದೆ ನಿಂತರೆ, ಕಂಬದಲ್ಲಿ ಹುದುಗಿಸಿದ ಅಮೃತಶಿಲೆಯ ತುಣುಕೋ, ಬಾಗಿಲುವಾಡಕ್ಕೆ ತಿರುಪಿನಿಂದ ಬಿಗಿದ ಹಿತ್ತಾಳೆಯ ತಗಡೋ, ಕರಿಯ ಹಲಗೆಯ ಮೇಲೆ ಬಿಳಿಯ ಬಣ್ಣದಿಂದ ಬರೆಯಿಸಿದ ಸಾಲೋ ಕಣ್ಣಿಗೆ ಬೀಳುತ್ತದೆ. ಅದರಲ್ಲಿ ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ, ಅನಂತರ ಸ್ವಂತ ಹೆಸರು, ಅದಾದ ಮೇಲೆ ಒಂದು ಅಲ್ಪವಿರಾಮ, ಆ ಅಲ್ಪವಿರಾಮದ ಆಚೆಗೆ ಬಿ.ಎ., ಬಿ.ಎಲ್. ಎಂದೋ ಎಂ.ಎಸ್‌ಸಿ. ಎಂದೋ ಕೆಲವೇ ಅಕ್ಷರಗಳು. ಒಬ್ಬ ಮನುಷ್ಯನ ಊರು, ತಂದೆ, ತಾನು, ತನ್ನ ಓದು, ಇಷ್ಟನ್ನೂ ಒಂದು ಗೇಣಿನ ಅಗಲದಲ್ಲಿ ಹೇಳಿ ಮುಗಿಸುವ ಇಂಥ ಆತ್ಮಚರಿತ್ರೆಯನ್ನು ಓದದೆ ಮುಂದೆ ಹೋಗಲು ನನಗೆ ಮನಸ್ಸು ಬಾರದು.

ಕೆಲವು ಫಲಕಗಳಲ್ಲಿ ಪದವಿಯ ಪಕ್ಕದ ಕಂಸದೊಳಗೆ ಇನ್ನೂ ಒಂದು ಮಾತು ಇರುತ್ತಿತ್ತು: ಮದ್ರಾಸ್, ಬಾಂಬೆ, ಇಲ್ಲವೆ ಮೈಸೂರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟುವ ತನಕ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿದವರೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರೂ ಪದವಿಯನ್ನು ಪಡೆಯುತ್ತಿದ್ದುದು ಮದ್ರಾಸಿನ ವಿಶ್ವವಿದ್ಯಾನಿಲಯದಿಂದ. ಧಾರವಾಡ, ಬೆಳಗಾವಿ, ವಿಜಾಪುರಗಳ ಕಡೆಯವರಿಗೆ 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯವು ಸ್ಥಾಪಿತವಾಗುವವರೆಗೂ ಮುಂಬಯಿಯೇ ವಿದ್ಯಾರಾಜಧಾನಿ. ಹರಿದು ಹಂಚಿಹೋಗಿದ್ದ ಕನ್ನಡನಾಡಿನ ಭೂಪಟವೇ ಆ ಕಂಸಗಳೊಳಗೆ ಅಡಗಿ ಕುಳಿತಿತ್ತು. ತನ್ನ ನಾಡಿನ ಹುಡುಗನಿಗೆ ತನ್ನದೇ ಹೆಸರಿನ ಪದವಿಯನ್ನು ಕೊಡಲಾರದಿದ್ದ ಒಂದು ಜನಾಂಗವು ಕೊಡುವ ಶಕ್ತಿಯನ್ನು ಸಂಪಾದಿಸಿಕೊಂಡ ದಿನ, ‘ಮೈಸೂರು’ ಎಂಬುದನ್ನು ಕಂಸದೊಳಗೆ ಬರೆಯಿಸಿಕೊಂಡ ಮೊದಮೊದಲಿನವರಿಗೆ ಎಂಥ ಸಂತೋಷವಾಗಿದ್ದಿರಬೇಕು!

ಹೆಸರಿಗೆ ಪದವಿಯನ್ನು ಅಂಟಿಸಿಕೊಳ್ಳುವುದು ಆಡಂಬರವೆಂದೂ, ತುಂಬಿದ ಕೊಡ ತುಳುಕದೆಂದೂ ಹೇಳಿ ಇಂಥ ಫಲಕಗಳನ್ನು ಹಗುರವಾಗಿ ನೋಡುವವರಿದ್ದಾರೆ. ಆ ಮಾತಿಗೆ ತಲೆದೂಗುವುದು ನನ್ನಿಂದಾಗದು. ಏಕೆಂದರೆ ನಮ್ಮ ದೇಶದಲ್ಲಿ ಆ ಎರಡಕ್ಷರಗಳು ಒಬ್ಬನ ದುಡಿಮೆಯಿಂದ ಬಂದವುಗಳಲ್ಲ. ವಾರಾನ್ನವೆಂಬುದೊಂದು ಪದ್ಧತಿ ನಮ್ಮಲ್ಲಿತ್ತು. ಹಳ್ಳಿಯಿಂದ ಪಟ್ಟಣಕ್ಕೆ ಓದಲು ಬಂದ ಬಡ ವಿದ್ಯಾರ್ಥಿ ಸೋಮವಾರ ಒಂದು ಮನೆಯಲ್ಲಿ, ಮಂಗಳವಾರ ಮತ್ತೊಂದು ಮನೆಯಲ್ಲಿ, ಹೀಗೆ ವಾರದ ಏಳು ದಿನಕ್ಕೆ ಏಳು ಮನೆಗಳಲ್ಲಿ ಉಂಡು, ಯಾರದೋ ಮನೆಯ ಹೊರಜಗುಲಿಯಲ್ಲಿ ಮಲಗಿ, ಬೀದಿಯ ದೀಪದಲ್ಲಿ ಪಾಠಗಳನ್ನು ಓದಿ ಪರೀಕ್ಷೆಗೆ ಕೂರುತ್ತಿದ್ದನು. ಹಾಗೆ ಮನೆ ಸಿಕ್ಕದವರಿಗೂ, ಜಾತಿಯ ಕಾರಣದಿಂದ ಅಂಥ ಮನೆಗಳ ಬಾಗಿಲು ತೆರೆಯದಿದ್ದವರಿಗೂ, ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗೆಯಂಥ ಮಠಗಳು ಪ್ರಸಾದನಿಲಯಗಳನ್ನು ತೆರೆದು ಅನ್ನವನ್ನೂ ಆಶ್ರಯವನ್ನೂ ಕೊಟ್ಟವು. ಆದಕಾರಣ ಹಿತ್ತಾಳೆಯ ತಗಡಿನ ಮೇಲೆ ಬಿ.ಎ. ಎಂದು ಕೊರೆಯಿಸಿದಾಗ, ಬುಧವಾರದ ಮನೆಯ ತಾಯಿ ತನ್ನ ಮಕ್ಕಳ ಪಾಲಿನ ಹುಳಿಯನ್ನು ಆ ಹುಡುಗನ ಎಲೆಗೆ ಬಡಿಸಿದ್ದೂ ಅದರೊಳಗೆ ಕೊರೆದಂತೆಯೇ ಆಯಿತು.

ನಮ್ಮ ಬೀದಿಯಲ್ಲಿ ವಕೀಲರೊಬ್ಬರ ವೃದ್ಧ ತಾಯಿಯವರಿದ್ದರು. ಅಕ್ಷರ ಬಲ್ಲವರಲ್ಲ. ಶುಕ್ರವಾರದ ಮುಂಜಾನೆ ಹೊಸ್ತಿಲನ್ನು ತೊಳೆದು, ಅರಿಸಿನ ಬಳಿದು, ಕುಂಕುಮವಿಟ್ಟು, ರಂಗವಲ್ಲಿಯನ್ನು ಎಳೆದ ಬಳಿಕ ಅದೇ ಒದ್ದೆಯ ಬಟ್ಟೆಯನ್ನು ಹಿಂಡಿ ಮಗನ ನಾಮಫಲಕವನ್ನೂ ಒರೆಸುವರು. ಹುಣಿಸೆಹಣ್ಣು ಹಚ್ಚಿ ಉಜ್ಜಿ ಉಜ್ಜಿ ಅದರ ಅಂಚುಗಳು ಸವೆದಿದ್ದವು. ಹಾದುಹೋಗುವ ಹುಡುಗರನ್ನು ನಿಲ್ಲಿಸಿ, “ಇಲ್ಲಿ ನೋಡಪ್ಪಾ, ಇದು ನನ್ನ ಮಗನ ಹೆಸರು, ಇದು ಅವನು ಓದಿದ್ದು” ಎಂದು ಎರಡನ್ನೂ ಬೇರೆ ಬೇರೆಯಾಗಿ ಬೆರಳಿಟ್ಟು ತೋರಿಸುತ್ತಿದ್ದರು. ಆ ಮಗ ಸಂಕೋಚದ ಸ್ವಭಾವದವರು. ಫಲಕವನ್ನು ತೆಗೆದು ಬರಿಯ ಹೆಸರಿನದನ್ನು ಹಾಕಬೇಕೆಂದು ಅವರಿಗೆ ಇತ್ತಂತೆ. ತಾಯಿ ಇರುವತನಕ ಅವರು ಅದನ್ನು ಮುಟ್ಟಲಿಲ್ಲ. ಶಿಷ್ಟಾಚಾರದ ಯಾವ ಗ್ರಂಥವನ್ನು ತೆರೆದರೂ ಇದಕ್ಕಿಂತ ಸೂಕ್ಷ್ಮವಾದ ನಡವಳಿಕೆ ನನಗೆ ಕಾಣದು.

ಮದುವೆಯ ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಕೆಳಗೆ ಬಿ.ಇ. ಎಂದೂ ವಧುವಿನ ಹೆಸರಿನ ಕೆಳಗೆ ಎಂ.ಎ. ಎಂದೂ ಅಚ್ಚು ಹಾಕಿಸುವ ನಮ್ಮ ಪದ್ಧತಿಯನ್ನು ನಾನು ಈ ದೃಷ್ಟಿಯಿಂದಲೇ ನೋಡುತ್ತೇನೆ. ಅದು ಹಿರಿಯರು ಬಂಧುಗಳಿಗೆ ಒಪ್ಪಿಸುವ ಲೆಕ್ಕ: ನೀವೆಲ್ಲರೂ ಹರಸಿ ಕಳುಹಿಸಿದ ಕೂಸು ಇಷ್ಟು ಓದಿತು, ಬಂದು ಅಕ್ಷತೆ ಹಾಕಿ ಎಂಬ ಬಿನ್ನಹ. ಅದರಲ್ಲಿಯೂ ಮಗಳ ಹೆಸರಿನ ಕೆಳಗೆ ಪದವಿಯು ಮೊದಲ ಬಾರಿಗೆ ಅಚ್ಚಾದ ಮನೆತನಗಳಲ್ಲಿ, ಆ ಸಾಲನ್ನು ಓದಿಸಿ ಓದಿಸಿ ಕೇಳಿದ ಅಜ್ಜಿಯರನ್ನು ನಾನು ಬಲ್ಲೆ. ಹಿಂದೆ ಬಿ.ಎ. ಫೇಲ್ ಎಂದು ಹೆಸರಿನ ಮುಂದೆ ಬರೆದುಕೊಳ್ಳುತ್ತಿದ್ದವರ ಕಥೆಯನ್ನು ಹೇಳಿ ಈಗಿನವರು ನಗುವುದುಂಟು. ನನಗೆ ಆ ನಗೆ ಬಾರದು. ಮೆಟ್ರಿಕ್ಯುಲೇಷನ್ ದಾಟಿ, ಇಂಟರ್‌ಮೀಡಿಯೆಟ್ ದಾಟಿ, ಪದವಿಯ ಹೊಸ್ತಿಲವರೆಗೆ ಬಂದು, ಶುಲ್ಕ ಕಟ್ಟಲಾರದೆಯೋ ಕಾಯಿಲೆ ಬಿದ್ದೋ ಅಲ್ಲಿಯೇ ನಿಂತವನೊಬ್ಬನು, ತಾನು ನಡೆದು ಬಂದ ದೂರವನ್ನೂ ಎಡವಿದ ಸ್ಥಳವನ್ನೂ ಒಂದೇ ಸಾಲಿನಲ್ಲಿ ಮುಚ್ಚುಮರೆಯಿಲ್ಲದೆ ತಿಳಿಸಿದರೆ, ಅವನ ಸತ್ಯಸಂಧತೆಗೆ ನಾವು ಗೌರವವನ್ನು ಸಲ್ಲಿಸಬೇಕು.

ಆದರೆ ಮನೆಯ ಬಾಗಿಲಿನ ಮಾತು ಬೇರೆ, ವೃತ್ತಿಯ ಬಾಗಿಲಿನ ಮಾತು ಬೇರೆ. ಮನೆಯಲ್ಲಿ ಪದವಿಯು ತನ್ನವರ ಸಂತೋಷಕ್ಕಾಗಿ; ವೃತ್ತಿಯಲ್ಲಿ ಅದು ಬಂದವರ ಹಕ್ಕಿಗಾಗಿ. ಇದನ್ನು ನನಗೆ ಮನವರಿಕೆ ಮಾಡಿಕೊಟ್ಟವರು ನಮ್ಮ ಊರಿನಲ್ಲಿದ್ದ ಎಲ್.ಎಂ.ಪಿ. ಡಾಕ್ಟರು. ಅವರ ಕುರ್ಚಿಯ ಹಿಂದುಗಡೆಯ ಗೋಡೆಯಲ್ಲಿ, ಗಾಜಿನ ಕಟ್ಟು ಹಾಕಿಸಿದ ಪ್ರಮಾಣಪತ್ರವೊಂದು ಮೊಳೆಗೆ ತೂಗುತ್ತಿತ್ತು. ಒಮ್ಮೆ ಹೊಟ್ಟೆನೋವೆಂದು ಬಂದಿದ್ದ ಹಳ್ಳಿಯ ಹಿರಿಯರೊಬ್ಬರು ಅದನ್ನೇ ದಿಟ್ಟಿಸಿ ನೋಡುತ್ತ, “ಅದೇನು ಸ್ವಾಮಿ, ದೊರೆಗಳ ಪಟವೇ?” ಎಂದು ಕೇಳಿದರು. ಹೊರಗೆ ರೋಗಿಗಳ ಸಾಲು ಉದ್ದವಾಗಿದ್ದರೂ ಡಾಕ್ಟರು ಎದ್ದು, ಅದನ್ನು ಮೊಳೆಯಿಂದ ಬಿಡಿಸಿ ತಂದು ಅವರ ತೊಡೆಯ ಮೇಲಿಟ್ಟು ಹೇಳಿದರು: “ಗೌಡರೇ, ಇದು ನಾನು ಓದಿ ಪಾಸಾಗಿದ್ದೇನೆ ಅಂತ ಕೊಟ್ಟ ಕಾಗದ. ನಿಮ್ಮ ಮೈ ಮುಟ್ಟಿ ಔಷಧಿ ಕೊಡೋದಕ್ಕೆ ನನಗೆ ಅಧಿಕಾರ ಇದೆ ಅಂತ ಇದರಲ್ಲಿ ಬರೆದಿದೆ. ನಾಳೆ ಏನಾದರೂ ತಪ್ಪು ನಡೆದರೆ ನನ್ನನ್ನು ಹಿಡಿದು ಕೇಳೋದಕ್ಕೂ ಇದೇ ಆಧಾರ. ನಾನು ನಿಮಗೆ ಬರೆದುಕೊಟ್ಟ ಮುಚ್ಚಳಿಕೆ ಅಂತ ತಿಳಿದುಕೊಳ್ಳಿ.”

ಆ ಮಾತು ನನ್ನ ಮನಸ್ಸಿನಲ್ಲಿ ಬೇರೂರಿತು. ತನ್ನ ದೇಹವನ್ನು ಇನ್ನೊಬ್ಬನ ಕೈಗೆ ಒಪ್ಪಿಸುವವನಿಗೆ, ಆ ಕೈ ಏನನ್ನು ಕಲಿತಿದೆ, ಎಲ್ಲಿ ಕಲಿತಿದೆ, ಯಾರ ಮುಂದೆ ಪರೀಕ್ಷೆಗೆ ಒಳಪಟ್ಟಿದೆ ಎಂಬುದನ್ನು ತಿಳಿಯುವ ಅಧಿಕಾರವಿದೆ. ಅಲ್ಲಿ ವಿನಯದ ಹೆಸರಿನಲ್ಲಿ ಪದವಿಯನ್ನು ಮರೆಮಾಡುವುದು ಸಲ್ಲದು. ವೈದ್ಯರ ವೃತ್ತಿಧರ್ಮವನ್ನು ಕುರಿತು 2002ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ರೂಪಿಸಿದ ನಿಯಮಗಳನ್ನು ಓದಿದಾಗ, ನಮ್ಮ ಡಾಕ್ಟರ ಮಾತನ್ನೇ ಶಾಸನದ ಭಾಷೆಯಲ್ಲಿ ಬರೆದಿರುವರೆಂದು ನನಗೆ ತೋರಿತು. ವೈದ್ಯನು ತನ್ನ ನೋಂದಣಿಯ ಸಂಖ್ಯೆಯನ್ನು ಚಿಕಿತ್ಸಾಲಯದಲ್ಲಿ ಪ್ರದರ್ಶಿಸಬೇಕು. ಬರೆದುಕೊಡುವ ಔಷಧದ ಚೀಟಿಯಲ್ಲಿ, ಪ್ರಮಾಣಪತ್ರದಲ್ಲಿ, ಹಣದ ರಸೀತಿಯಲ್ಲಿ ಅದನ್ನು ನಮೂದಿಸಬೇಕು. ಹೆಸರಿನ ಮುಂದೆ ಮಾನ್ಯತೆಯುಳ್ಳ ವೈದ್ಯಕೀಯ ಪದವಿಗಳೂ, ವೃತ್ತಿಯ ಜ್ಞಾನವನ್ನೋ ವಿಶೇಷ ಸಾಧನೆಯನ್ನೋ ಸೂಚಿಸುವ ಗೌರವಗಳೂ ಮಾತ್ರ ಇರಬೇಕು. ಫಲಕವು ಅಸಾಧಾರಣವಾಗಿ ದೊಡ್ಡದಾಗಿರಕೂಡದು. ತಾನು ವಾಸಿಸದ, ಕೆಲಸ ಮಾಡದ ಸ್ಥಳದಲ್ಲಾಗಲಿ ಔಷಧದ ಅಂಗಡಿಯ ಮೇಲಾಗಲಿ ಅದನ್ನು ತೂಗುಹಾಕಕೂಡದು. ಹೇಳಲೇಬೇಕಾದುದನ್ನು ಹೇಳಿಸಿ, ಹೇಳಬಾರದುದನ್ನು ತಡೆದಿರುವ ಈ ತೂಕ ನನಗೆ ಬಹಳ ಹಿಡಿಸಿತು.

ನ್ಯಾಯವಾದಿಗಳಿಗೆ ವಿಧಿಸಿರುವ ಸಂಯಮ ಇನ್ನೂ ಕಠಿಣವಾದುದು. ಅವರ ಫಲಕವು ಮಿತವಾದ ಗಾತ್ರದ್ದಾಗಿರಬೇಕೆಂಬುದು ಸರಿಯೇ ಸರಿ. ಅದರ ಮೇಲೆ ತಾನು ವಕೀಲರ ಪರಿಷತ್ತಿನ ಅಧ್ಯಕ್ಷನಾಗಿದ್ದೆನೆಂದಾಗಲಿ, ಇಂಥ ಪ್ರಸಿದ್ಧ ಮೊಕದ್ದಮೆಯಲ್ಲಿ ಭಾಗಿಯಾಗಿದ್ದೆನೆಂದಾಗಲಿ, ಇಂಥ ವಿಷಯದಲ್ಲಿ ವಿಶೇಷ ಪರಿಣತನೆಂದಾಗಲಿ, ಕಡೆಗೆ ಹಿಂದೆ ನ್ಯಾಯಾಧೀಶನಾಗಿದ್ದೆನೆಂದಾಗಲಿ ಸೂಚಿಸಕೂಡದೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮ ಹೇಳುತ್ತದೆ. ಓದಿನ ಸಾಕ್ಷ್ಯವೊಂದು, ಪ್ರಭಾವದ ಸೂಚನೆ ಮತ್ತೊಂದು ಎಂಬ ವಿವೇಕವನ್ನು ಆ ನಿಯಮದಲ್ಲಿ ಕಾಣುತ್ತೇನೆ. ಕಕ್ಷಿಗಾರನು ಫಲಕವನ್ನು ನೋಡಿ ಇವರು ಕಾನೂನು ಓದಿದವರೆಂದು ನಂಬಿ ಒಳಗೆ ಬರಲಿ. ಇವರ ಮಾತಿಗೆ ಮೇಲಿನವರು ಮಣಿಯುವರೆಂಬ ಆಸೆಯಿಂದ ಬರುವುದು ಬೇಡ.

ಪದವಿಯು ಬಾಯಿ ತೆರೆದರೆ ಬೇರೊಬ್ಬರ ಬಾಯಿ ಮುಚ್ಚುವ ಸ್ಥಳಗಳೂ ಇವೆ. ಹಲವು ವರ್ಷಗಳ ಕೆಳಗೆ ನಮ್ಮ ಊರಿನ ಕೆರೆಯ ಏರಿಯಲ್ಲಿ ಮಳೆಗಾಲದಲ್ಲಿ ನೀರು ಜಿನುಗತೊಡಗಿದಾಗ, ಪಟ್ಟಣದಿಂದ ತಜ್ಞರೊಬ್ಬರು ಬಂದರು. ಅರಳಿಕಟ್ಟೆಯಲ್ಲಿ ಸೇರಿದ್ದ ಜನರಿಗೆ ತಮ್ಮ ಹೆಸರನ್ನೂ, ತಾವು ಎಲ್ಲೆಲ್ಲಿ ಯಾವ ಯಾವ ಪದವಿಯನ್ನು ಪಡೆದರೆಂಬುದನ್ನೂ, ಯಾವ ದೇಶಗಳಲ್ಲಿ ತರಬೇತಿ ಹೊಂದಿದರೆಂಬುದನ್ನೂ ವಿಸ್ತಾರವಾಗಿ ತಿಳಿಸಿದರು. ಸುಳ್ಳೇನೂ ಅಲ್ಲ, ಎಲ್ಲವೂ ಅವರು ಕಷ್ಟಪಟ್ಟು ಗಳಿಸಿದುದೇ. ಆದರೆ ಗುಂಪಿನ ಅಂಚಿನಲ್ಲಿ ನಮ್ಮ ನೀರುಗಂಟಿ ನಿಂತಿದ್ದನು. ತೂಬಿನ ಕಲ್ಲು ಯಾವ ಮಳೆಗಾಲದಲ್ಲಿ ಜರುಗಿತು, ನೀರು ಎಷ್ಟು ಮೆಟ್ಟಿಲು ಏರಿದಾಗ ಜಿನುಗು ಆರಂಭವಾಗುತ್ತದೆ, ಏಡಿಗಳು ಏರಿಯ ಯಾವ ಭಾಗದಲ್ಲಿ ಬಿಲ ತೋಡಿವೆ, ಕೋಡಿ ಬಿದ್ದ ರಾತ್ರಿ ಮಣ್ಣು ಎಲ್ಲಿ ಮೆತ್ತಗಾಯಿತು ಎಂಬುದನ್ನೆಲ್ಲ ಅಂಗೈಯ ಗೆರೆಯಂತೆ ಬಲ್ಲವನು ಅವನೊಬ್ಬನೇ. ಅವನ ತಂದೆಯೂ ಅಜ್ಜನೂ ಅದೇ ತೂಬನ್ನು ಎತ್ತಿ ಇಳಿಸಿದವರು. ಆ ದೀರ್ಘವಾದ ಪರಿಚಯವನ್ನು ಕೇಳಿ ಅವನು ಹೆಗಲ ಮೇಲಿನ ವಲ್ಲಿಯನ್ನು ಕೈಗೆ ತೆಗೆದುಕೊಂಡು ಒಂದು ಹೆಜ್ಜೆ ಹಿಂದಕ್ಕೆ ಸರಿದನು. ಆ ಮಧ್ಯಾಹ್ನವೆಲ್ಲ ಒಂದು ಮಾತನ್ನೂ ಆಡಲಿಲ್ಲ.

ಮರುವರ್ಷ ಬೇರೊಬ್ಬ ಎಂಜಿನಿಯರು ಬಂದರು, ತರುಣರು. ಹೆಸರನ್ನು ಹೇಳಿ, ಕೆರೆಯ ಕೆಲಸಕ್ಕೆ ಬಂದಿದ್ದೇನೆಂದು ಹೇಳಿ, “ಇಲ್ಲಿ ನೀರು ಬಿಡುವವರು ಯಾರಪ್ಪಾ?” ಎಂದು ಕೇಳಿದರು. ನೀರುಗಂಟಿ ಮುಂದೆ ಬಂದನು. ಇಬ್ಬರೂ ಏರಿಯ ಮೇಲೆ ಈ ಕೊನೆಯಿಂದ ಆ ಕೊನೆಯವರೆಗೆ ನಡೆದರು. ಅವನು ಕೋಲಿನಿಂದ ತಟ್ಟಿ ತೋರಿಸಿದ ಕಡೆಯಲ್ಲೆಲ್ಲ ಇವರು ಕುಕ್ಕರುಗಾಲಿನಲ್ಲಿ ಕುಳಿತು ಮಣ್ಣನ್ನು ಹಿಡಿದು ನೋಡಿದರು. ದುರಸ್ತಿಯ ನಕ್ಷೆಯು ಪಂಚಾಯಿತಿಗೆ ಬಂದಾಗ ಅದರ ಕೆಳಗೆ ಅವರ ರುಜುವೂ ರುಜುವಿನ ಕೆಳಗೆ ಅವರ ಪದವಿಯೂ ಇದ್ದವು. ಅದು ಇರಬೇಕಾದ ಸ್ಥಳ ಅದೇ ಸರಿ: ಏರಿ ಒಡೆದರೆ ಹೊಣೆ ಯಾರದೆಂಬುದನ್ನು ಕಾಗದವು ಹೇಳಬೇಕು. ಅರಳಿಕಟ್ಟೆಯಲ್ಲಿ ಮಾತ್ರ ಅದು ಮೌನವಾಗಿದ್ದುದರಿಂದಲೇ ಕೆರೆಯ ಗುಟ್ಟು ಹೊರಗೆ ಬಂದಿತು.

ಕೆಲಸವನ್ನು ಹೆಸರಿನ ಪಕ್ಕಕ್ಕೆ ತಂದು ನಿಲ್ಲಿಸುವ ಕ್ರಮ ಕನ್ನಡಿಗರಿಗೆ ಹೊಸದೇನೂ ಅಲ್ಲ. ರಾಜಾಸ್ಥಾನಗಳಲ್ಲಿ ಬಿರುದಾವಳಿಯ ಘೋಷ ಮೊಳಗುತ್ತಿದ್ದ ನಾಡು ಇದು. ಪೊನ್ನನಿಗೆ ರಾಷ್ಟ್ರಕೂಟರ ಕೃಷ್ಣನಿಂದ, ರನ್ನನಿಗೆ ಚಾಲುಕ್ಯರ ತೈಲಪನಿಂದ, ಜನ್ನನಿಗೆ ಹೊಯ್ಸಳರ ವೀರಬಲ್ಲಾಳನಿಂದ ಕವಿಚಕ್ರವರ್ತಿಯೆಂಬ ಬಿರುದು ಸಂದಿತು. ವಿದ್ಯೆಗೆ ರಾಜ್ಯವು ಕೊಟ್ಟ ಪದವಿ ಅದು. ಅದೇ ನಾಡಿನಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಶರಣರು ಹೆಸರಿನ ಮುಂದೆ ಬೇರೊಂದನ್ನು ಧರಿಸಿದರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ಮೇದಾರ ಕೇತಯ್ಯ, ಆಯ್ದಕ್ಕಿ ಲಕ್ಕಮ್ಮ: ಬಟ್ಟೆಯನ್ನು ಒಗೆಯುವುದು, ದೋಣಿಯನ್ನು ನಡೆಸುವುದು, ಬಿದಿರನ್ನು ಸೀಳುವುದು, ಚೆಲ್ಲಿದ ಅಕ್ಕಿಯನ್ನು ಆಯುವುದು ಇವೆಲ್ಲ ಅಲ್ಲಿ ಬಿರುದಿನ ಪೀಠವನ್ನು ಏರಿದವು. ವಚನದ ಕೊನೆಯಲ್ಲಿ ಕವಿಯ ಹೆಸರು ಬರಬೇಕಾದ ಎಡೆಯಲ್ಲಿ ಅವರಲ್ಲಿ ಬಹುಮಂದಿ ತಮ್ಮ ಇಷ್ಟದೈವದ ಅಂಕಿತವನ್ನು ಇಟ್ಟರು; ಬಸವಣ್ಣನವರದು ಕೂಡಲಸಂಗಮದೇವ. ಆಮೇಲೆ ಬಂದ ದಾಸರೂ ಅದೇ ದಾರಿಯನ್ನು ಹಿಡಿದರು, ಪುರಂದರದಾಸರದು ಪುರಂದರವಿಠಲ. ಹೆಸರಿನ ಮುಂದೆ ದುಡಿಮೆ, ಕೃತಿಯ ಕೊನೆಯಲ್ಲಿ ತಾನು ಋಣಿಯಾಗಿರುವವನ ಹೆಸರು!

ನಮ್ಮ ಕಾಲದ ದೊಡ್ಡ ಬರೆಹಗಾರರು ಈ ಕ್ರಮವನ್ನು ಮರೆಯಲಿಲ್ಲ. ಬೇಂದ್ರೆಯವರು ಎಂ.ಎ. ಆದವರು, ಆದರೆ ಕವಿತೆಗೆ ಅವರು ಇಟ್ಟುಕೊಂಡ ಹೆಸರು ಅಂಬಿಕಾತನಯದತ್ತ, ಅಂಬಿಕೆಯ ಮಗ. ವಿಶ್ವವಿದ್ಯಾನಿಲಯವು ಕೊಟ್ಟ ಅಕ್ಷರಗಳು ನಿಲ್ಲಬಹುದಾಗಿದ್ದ ಸ್ಥಾನದಲ್ಲಿ ಹೆತ್ತ ತಾಯಿ ಬಂದು ನಿಂತಳು. ಮಾಸ್ತಿಯವರು ಮದ್ರಾಸು ವಿಶ್ವವಿದ್ಯಾನಿಲಯದಿಂದ ಇಂಗ್ಲಿಷಿನಲ್ಲಿ ಎಂ.ಎ. ಮಾಡಿ ಚಿನ್ನದ ಪದಕವನ್ನು ಪಡೆದು, ಮೈಸೂರು ಸಂಸ್ಥಾನದ ಉನ್ನತ ಹುದ್ದೆಗಳಲ್ಲಿದ್ದವರು. ಕನ್ನಡದ ಓದುಗರಿಗೆ ಅವರು ಶ್ರೀನಿವಾಸ. ಡಿ.ವಿ. ಗುಂಡಪ್ಪನವರಾದರೋ ಮೆಟ್ರಿಕ್ಯುಲೇಷನ್ನನ್ನೂ ದಾಟಿದವರಲ್ಲ; ಅವರ ‘ಮಂಕುತಿಮ್ಮನ ಕಗ್ಗ’ ಪ್ರಕಟವಾದುದು 1943ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಿ.ಲಿಟ್. ಪದವಿಯನ್ನು ಅರ್ಪಿಸಿದುದು 1961ರಲ್ಲಿ. ಜನರು ಮೊದಲಿನಿಂದಲೂ ಡಿವಿಜಿ ಎಂದು ಕರೆಯುತ್ತಿದ್ದರು. ಪದವಿ ಬಂದ ಮೇಲೆಯೂ ಹಾಗೆಯೇ ಕರೆದರು.

ಗೌರವ ಪದವಿಗಳ ವಿಚಾರದಲ್ಲಿ ಒಂದು ಸುಂದರವಾದ ಸಂಗತಿ ನೆನಪಿಗೆ ಬರುತ್ತದೆ. ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮುಗಿಸಿಕೊಟ್ಟ ಫರ್ಡಿನಾಂಡ್ ಕಿಟ್ಟೆಲ್ಲರಿಗೆ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು 1896ರಲ್ಲಿ ಗೌರವ ಡಾಕ್ಟರೇಟನ್ನು ಕೊಟ್ಟಿತು. ಬಾಲ್ಯದಲ್ಲಿಯೇ ಶಾಲೆ ಬಿಟ್ಟು ನಾಟಕದ ಕಂಪನಿ ಸೇರಿದ್ದ ರಾಜ್‌ಕುಮಾರರಿಗೆ ಮೈಸೂರು ವಿಶ್ವವಿದ್ಯಾನಿಲಯವು 1976ರಲ್ಲಿ ಅದೇ ಗೌರವವನ್ನು ಸಲ್ಲಿಸಿತು. ಗೌರವ ಡಾಕ್ಟರೇಟನ್ನು ಪಡೆದವನು ತಾನಾಗಿ ಅದನ್ನು ಹೆಸರಿನ ಮುಂದೆ ಹಾಕಿಕೊಳ್ಳಬಾರದೆಂಬುದು ವಿದ್ವತ್ತಿನ ಲೋಕದ ಮರ್ಯಾದೆ. ಆದರೆ ಹಳ್ಳಿಯ ಟೆಂಟು ಚಿತ್ರಮಂದಿರಗಳ ಪ್ರೇಕ್ಷಕರಿಂದ ಹಿಡಿದು ಪಟ್ಟಣದ ಆಟೋ ಚಾಲಕರವರೆಗೆ, ಅಭಿಮಾನಿಗಳು ‘ಡಾಕ್ಟರ್ ರಾಜ್‌ಕುಮಾರ್’ ಎಂದು ಬಾಯಿತುಂಬ ಕರೆದರು. ತಾನು ಹೇಳಿಕೊಳ್ಳಬಾರದುದನ್ನು ಜನ ಪ್ರೀತಿಯಿಂದ ಹೇಳಿದಾಗ ಅದಕ್ಕೆ ಬೇರೆಯ ಶೋಭೆ ಬರುತ್ತದೆ.

ನಮ್ಮ ಸಂವಿಧಾನವೂ ಈ ಸೂಕ್ಷ್ಮವನ್ನು ಗಮನಿಸಿದೆ. ಅದರ 18ನೆಯ ಅನುಚ್ಛೇದವು ರಾವ್ ಬಹಾದ್ದೂರ್, ದಿವಾನ್ ಬಹಾದ್ದೂರ್‌ಗಳಂಥ ಬಿರುದುಗಳ ಯುಗವನ್ನು ಮುಗಿಸಿ, ರಾಜ್ಯವು ಯಾರಿಗೂ ಬಿರುದನ್ನು ಕೊಡಕೂಡದೆಂದು ವಿಧಿಸಿದಾಗ, ಎರಡು ಬಗೆಯ ಗೌರವಗಳಿಗೆ ಮಾತ್ರ ವಿನಾಯಿತಿಯನ್ನು ಕೊಟ್ಟಿತು: ಒಂದು ಸೈನ್ಯದ್ದು, ಮತ್ತೊಂದು ವಿದ್ಯೆಯದು. 1995ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪದ್ಮ ಪ್ರಶಸ್ತಿಗಳನ್ನು ಕೂಡ ಹೆಸರಿಗೆ ಹಿಂದುಮುಂದಾಗಿ ಸೇರಿಸಿಕೊಳ್ಳಲಾಗದೆಂದು ಹೇಳಿತು. ಇಷ್ಟು ಬಿರುದುಗಳನ್ನು ಕಳಚಿ ಇಟ್ಟ ಗಣರಾಜ್ಯವು ವಿದ್ಯೆಯ ಪದವಿಯನ್ನು ಉಳಿಸಿಕೊಂಡಿತು. ಹುಟ್ಟಿನಿಂದಾಗಲಿ ದೊರೆಯ ಕೃಪೆಯಿಂದಾಗಲಿ ಬಾರದೆ, ರಾತ್ರಿ ಕಣ್ಣುಬಿಟ್ಟು ಓದಿದುದರಿಂದ ಬಂದುದೆಂದು ಅದಕ್ಕೆ ಮನ್ನಣೆ ಕೊಟ್ಟಿತು. ಹಾಗೆ ಉಳಿದುದನ್ನು ನಾವು ಉಳಿಸಿದ ಉದ್ದೇಶಕ್ಕೆ ತಕ್ಕಂತೆ ಬಳಸುವುದು ನ್ಯಾಯ.

ಹಳೆಯ ತಲೆಮಾರಿನವರ ಕಾಗದಗಳನ್ನು ನಾನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಲಕೋಟೆಯ ಮೇಲೆ ಪಡೆಯುವವರ ಹೆಸರಿಗೆ ಶ್ರೀಕಾರ, ರಾಜಮಾನ್ಯ, ಎಂ.ಎ., ಅವರ ಹುದ್ದೆ, ಒಂದೂ ಬಿಟ್ಟುಹೋಗದು. ಒಳಗೆ ಕಾಗದದ ಕೊನೆಯಲ್ಲಿ ‘ಇಂತಿ ತಮ್ಮ ವಿಧೇಯ’ ಎಂದು ಬರೆದು ಬರಿಯ ಹೆಸರಿನ ರುಜು, ಬರೆದವರು ಎಷ್ಟೇ ದೊಡ್ಡ ವಿದ್ವಾಂಸರಾಗಿದ್ದರೂ ಅಷ್ಟೇ. ವೃತ್ತಿಜೀವನದ ಶಿಷ್ಟಾಚಾರವೆಲ್ಲ ಈ ಎರಡು ಸ್ಥಳಗಳಲ್ಲಿ ಅಡಗಿದೆಯೆಂದು ನಾನು ತಿಳಿದಿದ್ದೇನೆ. ಸಭೆಯಲ್ಲಿ ಅತಿಥಿಯನ್ನು ಪರಿಚಯಿಸುವವನು ಆತನ ಓದನ್ನೂ ಗುರುಗಳನ್ನೂ ಆದರದಿಂದ ಹೇಳಲಿ. ಅತಿಥಿಯು ಎದ್ದು ನಿಂತಾಗ ವಿಷಯಕ್ಕೆ ಬರಲಿ. ಆಸ್ಪತ್ರೆಯಲ್ಲಿ ಹಿರಿಯ ವೈದ್ಯರು ದಾದಿಯನ್ನು ರೋಗಿಗೆ ತೋರಿಸಿ, “ಇವರು ತರಬೇತಿ ಪಡೆದವರು, ನನ್ನಷ್ಟೇ ನಂಬಬಹುದು” ಎಂದರೆ, ಆ ದಾದಿಯ ಪ್ರಮಾಣಪತ್ರಕ್ಕೆ ಅದಕ್ಕಿಂತ ಒಳ್ಳೆಯ ಪ್ರದರ್ಶನ ದೊರೆಯಲಾರದು.

ಆದುದರಿಂದ ಈಗ ತಾನೇ ಘಟಿಕೋತ್ಸವದಿಂದ ಹೊರಬಂದು ವೃತ್ತಿಗೆ ಇಳಿಯುತ್ತಿರುವ ತರುಣ ತರುಣಿಯರಲ್ಲಿ ನನ್ನದೊಂದು ಬಿನ್ನಹ. ಜನರು ತಮ್ಮ ಪ್ರಾಣವನ್ನೋ ಆಸ್ತಿಯನ್ನೋ ಮಕ್ಕಳನ್ನೋ ನಿಮಗೆ ಒಪ್ಪಿಸುವ ಜಾಗದಲ್ಲಿ ನಿಮ್ಮ ಪದವಿಯನ್ನು ಪೂರ್ಣವಾಗಿ ಬರೆಯಿಸಿ. ಬಂದವರು ಓದಬಲ್ಲಂತೆ ಕನ್ನಡದಲ್ಲಿಯೂ ಬರೆಯಿಸಿ. ಅದರ ಅರ್ಥವೇನೆಂದು ಯಾರಾದರೂ ಕೇಳಿದರೆ ಬೇಸರಪಡದೆ ಬಿಡಿಸಿ ಹೇಳಿ. ತಂದೆತಾಯಿಗಳು ಅದನ್ನು ನಾಲ್ಕು ಜನರಿಗೆ ತೋರಿಸಬಯಸಿದರೆ ಅವರನ್ನು ತಡೆಯಬೇಡಿ. ಉಳಿದೆಡೆಗಳಲ್ಲಿ, ಸಹೋದ್ಯೋಗಿಯನ್ನು ಪರಿಚಯಿಸುವಾಗ ಅವರ ಓದನ್ನು ತಪ್ಪದೆ ಹೇಳಿ. ನಿಮ್ಮ ಪರಿಚಯವನ್ನು ನೀವೇ ಹೇಳಿಕೊಳ್ಳಬೇಕಾದಾಗ ಹೆಸರನ್ನೂ, ಮಾಡಲು ಬಂದಿರುವ ಕೆಲಸವನ್ನೂ ಹೇಳಿದರೆ ಸಾಕು.